ಗೋಡೆಯನ್ನು ಕತ್ತರಿಸಿ ಮನುಷ್ಯನನ್ನು ಉಳಿಸಿಕೊಂಡವರಿಗೆ

ಮಾನ್ಯ ರೈಲ್ವೆ ವಿಭಾಗೀಯ ಅಧಿಕಾರಿಗಳೇ,

ನಾನು ತೆಗೆದ ಒಂದು ಫೋಟೋವನ್ನು ಕತ್ತರಿಸಿ, ಉಳಿದ ತುಂಡನ್ನು ಸಾಕ್ಷ್ಯವೆಂದು ತೋರಿಸಿ, ಹತ್ತೊಂಬತ್ತು ವರ್ಷ ನಿಮ್ಮ ಹಳಿ ಕಾಯ್ದ ಒಬ್ಬ ಕೀಮ್ಯಾನ್‌ನನ್ನು ನೀವು ಕೆಲಸದಿಂದ ತೆಗೆದುಹಾಕಿದ್ದೀರಿ. ಆ ಫೋಟೋವನ್ನು ನಿಮ್ಮ ಕೈಗೆ ಕೊಟ್ಟವಳು ನಾನು. ಯಾರೂ ಕಿತ್ತುಕೊಂಡದ್ದಲ್ಲ, ನಂಬಿ ನಾನೇ ಕೊಟ್ಟದ್ದು. ಇದನ್ನು ಎದುರಿಗೇ ಹೇಳೋಣವೆಂದು ಮೂರು ಸಲ ನಿಮ್ಮ ಕಚೇರಿಗೆ ಬಂದೆ. ಎರಡು ಸಲ ಬೆಂಚಿನ ಮೇಲೆ ಕಾದು ವಾಪಸ್ ಹೋದೆ, ಮೂರನೇ ಸಲ ನಾಲ್ಕು ನಿಮಿಷ ಸಿಕ್ಕಿತು. ಅಷ್ಟರಲ್ಲಿ ಮುಗಿಯುವ ಮಾತಲ್ಲವಾದ್ದರಿಂದ, ಇನ್ನು ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ಸಾವಧಾನವಾಗಿ ಓದಿ. ಈ ಸಲ ಬೆಂಚಿನ ಮೇಲೆ ಕಾಯುವ ಸರದಿ ನನ್ನದಲ್ಲ.

ನಾನು ಯಾರೆಂದು ನಿಮಗೆ ಗೊತ್ತು. ಓದುವವರಿಗೆ ಗೊತ್ತಿರಲಿಕ್ಕಿಲ್ಲ. ಸ್ಟೇಷನ್ ರಸ್ತೆಯಲ್ಲಿ ನಮ್ಮ ಅಪ್ಪ ಇಟ್ಟಿದ್ದ ಕನ್ನಡಕದ ಅಂಗಡಿಯನ್ನು ನಡೆಸಿಕೊಂಡು ಬಂದವಳು. ಗುರುವಾರ ಅಂಗಡಿಗೆ ರಜೆ. ಆ ದಿನ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಘಾಟಿ ಹತ್ತುತ್ತೇನೆ. ಏರಿನಲ್ಲಿ ಏದುಸಿರು ಬಿಡುತ್ತ ಬರುವ ಗೂಡ್ಸ್ ಗಾಡಿಗಳು, ಅವುಗಳನ್ನು ಹಿಂದಿನಿಂದ ತಳ್ಳುವ ಎಂಜಿನ್ನು, ಸುರಂಗದಿಂದ ಹೊರಬೀಳುತ್ತಲೇ ಕಿಟಕಿಕಿಟಕಿಯಲ್ಲೂ ಮುಖ ತೋರಿಸುವ ಪ್ಯಾಸೆಂಜರ್ ಗಾಡಿ, ಇವುಗಳ ಫೋಟೋ ತೆಗೆಯುವುದು ನನ್ನ ಹುಚ್ಚು. ನನ್ನ ಗಂಡ ಬಸ್ ಡ್ರೈವರ್. "ಇಷ್ಟು ವರ್ಷ ಸಂಸಾರ ಮಾಡಿದೆ, ನನ್ನ ಬಸ್ಸಿನದೊಂದು ಫೋಟೋ ತೆಗೆದಿದ್ದೀಯಾ?" ಎಂದು ಈಗಲೂ ಕೇಳುತ್ತಾರೆ. ಬಸ್ಸು ನಾನು ಕರೆದ ಕಡೆ ನಿಲ್ಲುತ್ತದೆ, ಅದರಲ್ಲೇನಿದೆ ಎನ್ನುತ್ತೇನೆ. ರೈಲು ಹಾಗಲ್ಲ. ಅದಕ್ಕಾಗಿ ಕಾಯಬೇಕು. ಬಿಸಿಲು, ಮಂಜು, ಹೊಗೆ, ತಿರುವು ಎಲ್ಲ ಕೂಡಿಬರುವ ಒಂದು ಗಳಿಗೆಗಾಗಿ ಕಲ್ಲಿನ ಮೇಲೆ ಮೂರು ಗಂಟೆ ಕೂರಬೇಕು. ಹನ್ನೊಂದು ವರ್ಷದಿಂದ ಹಾಗೆ ಕೂತಿದ್ದೇನೆ.

ಅಲ್ಲಿ ಸಿಕ್ಕವನು ಅವನು. ದಿನಾ ಬೆಳಗಾದರೆ ಸುತ್ತಿಗೆ, ಕೆಂಪು ಬಾವುಟ, ನೀರಿನ ಬಾಟ್ಲಿ ಹಿಡಿದು ಎರಡು ಸುರಂಗಗಳ ನಡುವಿನ ಹಳಿಯುದ್ದಕ್ಕೂ ನಡೆಯುವುದು, ಸಡಿಲಾದ ಕೀಲುಗಳನ್ನು ಬಡಿದು ಬಿಗಿ ಮಾಡುವುದು ಅವನ ಕೆಲಸ. ಮೊದಲ ದಿನ ನನ್ನನ್ನು ಕಂಡು ಗದರಿದ. "ಇಲ್ಲೆಲ್ಲ ಬರಬಾರದು ಅಕ್ಕಾ, ಕೆಳಗಿನ ಕಾಲುದಾರೀಲಿ ನಿಂತು ತೆಗೀರಿ." ಅಂದಿನಿಂದ ನಾನು ಹಳಿಯ ಹತ್ತಿರ ಹೋದವಳಲ್ಲ. ಎರಡನೇ ವಾರಕ್ಕೆ ಯಾವ ಗೂಡ್ಸ್ ಎಷ್ಟು ತಡ ಎಂದು ಮೇಲಿನಿಂದಲೇ ಕೂಗಿ ಹೇಳುತ್ತಿದ್ದ. ಆರನೇ ತಿಂಗಳಿಗೆ ಬುತ್ತಿ ಹಂಚಿಕೊಂಡು ತಿನ್ನುತ್ತಿದ್ದೆವು. ಅವನ ಹೆಂಡತಿಯ ಮೊದಲ ಕನ್ನಡಕ ನಮ್ಮ ಅಂಗಡಿಯದೇ. ನನಗೆ ಒಡಹುಟ್ಟಿದ ತಮ್ಮ ಇಲ್ಲ. ಇವನನ್ನು ತಮ್ಮ ಎಂದು ನಾನು ಯಾವತ್ತೂ ಕರೆಯಲಿಲ್ಲ, ಆದರೆ ಗುರುವಾರ ಅವನು ಕಾಣದಿದ್ದರೆ ಜೀವ ತಡೆಯುತ್ತಿರಲಿಲ್ಲ.

ಎರಡನೇ ಸುರಂಗದ ಬಾಯಿಯ ಹತ್ತಿರ ಹಳಿ ಬೆಟ್ಟಕ್ಕೆ ಅಂಟಿಕೊಂಡು ತಿರುಗುತ್ತದೆ. ಅಲ್ಲಿ ಹಳಿಯನ್ನು ಹೊತ್ತುಕೊಂಡಿದ್ದದ್ದು ನಾಲ್ಕಾಳೆತ್ತರದ ಒಂದು ಕಲ್ಲಿನ ತಡೆಗೋಡೆ. ಆ ತಿರುವನ್ನು ನಾನು ನೂರಾರು ಸಲ ತೆಗೆದಿದ್ದೇನೆ. ನಿಮ್ಮ ಕಚೇರಿಯ ಕ್ಯಾಲೆಂಡರಿನಲ್ಲಿ ಎರಡು ವರ್ಷ ಬಂದದ್ದು ಅದೇ ತಿರುವು. ಒಂದು ದಿನ ಅವನು ಕೆಳಗಿಳಿದು ಬಂದು, ಮಾಮೂಲಿನಂತೆ ಕೂರದೆ, ನಿಂತುಕೊಂಡೇ ಹೇಳಿದ.

"ಅಕ್ಕಾ, ಗೋಡೆ ಬಾಯಿ ಬಿಡ್ತಾ ಇದೆ."

"ಮೇಲಿನವರಿಗೆ ಹೇಳಿದ್ಯಾ?"

"ಸೂಪರ್‌ವೈಸರ್‌ಗೆ ಮೂರು ಸಲ ಹೇಳಿದೆ. ಮೊದಲ ಸಲ ನೋಡೋಣ ಅಂದ್ರು. ಎರಡನೇ ಸಲ, ನೀನೇನು ಎಂಜಿನಿಯರಾ ಅಂದ್ರು. ಮೂರನೇ ಸಲ ಬರೆದುಕೊಡ್ತೀನಿ ಸಾರ್ ಅಂದೆ. ಬರೆದುಕೊಟ್ರೆ ಇಷ್ಟು ದಿನ ಏನು ಮಾಡ್ತಿದ್ದೆ ಅಂತ ನಿನ್ನನ್ನೇ ಕೇಳ್ತಾರೆ, ಸುಮ್ನಿರು ಅಂದ್ರು." ಆಮೇಲೆ ಅಂದ, "ನಾನು ಹೇಳಿದ್ರೆ ಯಾರೂ ಕೇಳಲ್ಲ. ನಿಮ್ಮ ಫೋಟೋ ಅಂದ್ರೆ ಸಾಹೇಬ್ರಿಗೆ ಇಷ್ಟ ಅಲ್ವಾ? ಅದು ಹೇಳಿದ್ರೆ ಕೇಳ್ತಾರೇನೋ."

ಆವತ್ತು ಅಂಗಡಿಗೆ ಬಂದು ಹಳೆಯ ಫೋಟೋಗಳನ್ನೆಲ್ಲ ಹರವಿಕೊಂಡು ಕೂತೆ. ಹನ್ನೊಂದು ವರ್ಷದ ಹಿಂದಿನದರಲ್ಲಿ ಗೋಡೆಯ ಮೇಲೆ ಕೂದಲೆಳೆಯಂಥ ಗೆರೆ. ಏಳು ವರ್ಷದ ಹಿಂದೆ ಪೆನ್ನಿನ ಗೆರೆ. ಮೂರು ವರ್ಷದ ಹಿಂದೆ ಅದರಲ್ಲಿ ಹುಲ್ಲು ಹುಟ್ಟಿತ್ತು. ದಿನವಿಡೀ ಬೇರೆಯವರ ದೃಷ್ಟಿ ಪರೀಕ್ಷೆ ಮಾಡುವವಳು ನಾನು. ಅಷ್ಟು ವರ್ಷ ಅದೇ ಗೋಡೆಯ ಮೇಲೆ ಓಡುವ ರೈಲನ್ನು ನೋಡಿದ್ದೆ, ಗೋಡೆಯನ್ನು ನೋಡಿರಲಿಲ್ಲ. ನೋಡಿದವನು, ಇವತ್ತು ನೀವು ಕುರುಡನೆಂದು ತೀರ್ಪು ಕೊಟ್ಟಿರುವ ಅವನೇ.

ಮುಂದಿನ ಗುರುವಾರ ಅಂಗಡಿಯಿಂದ ಒಂದು ಅಡಿಯ ಸ್ಟೀಲ್ ಸ್ಕೇಲು ತೆಗೆದುಕೊಂಡು ಹೋದೆ. ಬಿರುಕು ಅಗಲವಾಗಿದ್ದ ಜಾಗ ಗೋಡೆಯ ಬುಡದಲ್ಲಿ, ಮೊಣಕಾಲೆತ್ತರದಲ್ಲಿ. ಅವನು ಕುಕ್ಕರುಗಾಲಲ್ಲಿ ಕೂತು, ಬಲಗೈಯಲ್ಲಿ ಸ್ಕೇಲನ್ನು ಒಳಗೆ ತಳ್ಳಿದ. ಅರ್ಧಕ್ಕಿಂತ ಹೆಚ್ಚು ಒಳಗೆ ಹೋಯಿತು. ಕ್ಲಿಕ್ ಮಾಡಿ ಮುಗಿಸಿದ್ದರೆ ಅರ್ಧ ನಿಮಿಷದ ಕೆಲಸ. ಆದರೆ, ಅಧಿಕಾರಿಗಳೇ, ನಾನು ರೈಲಿನ ಫೋಟೋ ತೆಗೆಯುವವಳು. ಬರೀ ಬಿರುಕಿನ ಫೋಟೋವನ್ನು ನೀವು ಮೇಜಿನ ಡ್ರಾಯರಿಗೆ ತಳ್ಳುತ್ತೀರಿ, ಬಿರುಕಿನ ನೆತ್ತಿಯ ಮೇಲೆ ತುಂಬಿದ ಗೂಡ್ಸ್ ಹೋಗುತ್ತಿದ್ದರೆ ಬೆಚ್ಚಿಬೀಳುತ್ತೀರಿ ಎಂದು ನನ್ನ ಎಣಿಕೆ. ಸತ್ಯ ಹೇಳುತ್ತೇನೆ, ಫೋಟೋ ಚೆನ್ನಾಗಿ ಬರಲಿ ಎಂಬ ಆಸೆಯೂ ಇತ್ತು. ಅವನು ಏಳಲು ಹೋದ.

"ಇನ್ನು ಸ್ವಲ್ಪ ಹೊತ್ತು ಹಾಗೇ ಕೂತಿರಪ್ಪ. ಗೂಡ್ಸ್ ಬರಲಿ" ಎಂದೆ.

"ಮೇಲೆ ಹೋಗಬೇಕಲ್ಲಕ್ಕಾ."

"ಎಂಟೇ ನಿಮಿಷ. ಕಾಲು ನೋವಾದ್ರೆ ಕಲ್ಲಿನ ಮೇಲೆ ಕೂತ್ಕೋ."

ಕೂತ. ಎಂಟು ನಿಮಿಷ ನನ್ನ ಮಾತಿಗೆ ಕೂತ. ಗೂಡ್ಸ್ ಬಂತು. ಫೋಟೋದ ಮೇಲ್ಭಾಗದಲ್ಲಿ ಒಂದರ ಹಿಂದೊಂದು ತುಂಬಿದ ವ್ಯಾಗನ್ನುಗಳು. ಎಡಗಡೆ ಗೋಡೆ, ಅದರಲ್ಲಿ ಬಿರುಕು. ಬಲಗಡೆ ಕಲ್ಲಿನ ಮೇಲೆ ಅವನು, ಕೈ ಚಾಚಿ, ಬೆರಳ ತುದಿಯಲ್ಲಿ ಸ್ಕೇಲು. ಬಲ ಮೂಲೆಯಲ್ಲಿ, ದೊಡ್ಡದು ಮಾಡಿಸಿದ ಮೇಲೆ ನಾನು ಹಾಕಿದ ಸಣ್ಣ ಸಹಿ. ಗೋಡೆ ಬೀಳುವುದಕ್ಕೆ ಏಳು ತಿಂಗಳು ಮೊದಲು, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ತೆಗೆದದ್ದೆಂದು ಕ್ಯಾಮೆರಾ ತಾನೇ ಬರೆದುಕೊಂಡಿದೆ.

ಆಗಲೇ ನೀವು ಸ್ಟೇಷನ್ನಿನ ವೇಟಿಂಗ್ ಹಾಲ್‌ನಲ್ಲಿ ನನ್ನ ಮೂವತ್ತೊಂದು ಫೋಟೋಗಳ ಪ್ರದರ್ಶನ ಉದ್ಘಾಟಿಸಿದ್ದು. ರಿಬ್ಬನ್ ಕತ್ತರಿಸಿದಿರಿ. ನಿಮ್ಮ ಕೈಗೆ ಕತ್ತರಿ ಚೆನ್ನಾಗಿ ಒಗ್ಗುತ್ತದೆಂದು ಆಗಲೇ ನನಗೆ ತಿಳಿಯಬೇಕಿತ್ತು. ಭಾಷಣದಲ್ಲಿ ನನ್ನನ್ನು "ನಮ್ಮ ಇಲಾಖೆಯ ಕಣ್ಣು" ಎಂದಿರಿ. ಚಪ್ಪಾಳೆ ಮುಗಿದ ಮೇಲೆ ನಿಮ್ಮನ್ನು ಪಕ್ಕಕ್ಕೆ ಕರೆದು ಒಂದು ಲಕೋಟೆ ಕೊಟ್ಟೆ. ಅದರಲ್ಲಿ ಎರಡು ಪುಟದ ಪತ್ರ, ಬಿರುಕು ಬೆಳೆದ ಬಗೆ ತೋರಿಸುವ ಐದು ಹಳೆಯ ಫೋಟೋ, ಮತ್ತು ಈ ಹೊಸದು. ನೀವು ಹೊಸದನ್ನು ಹೊರಗೆಳೆದು ಕೈ ದೂರ ಹಿಡಿದು ನೋಡಿದಿರಿ. ಕನ್ನಡಕ ಬದಲಿಸಬೇಕಾಗಿದೆ ಎಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

"ಎಂಥ ಬೆಳಕು ಮೇಡಂ" ಅಂದಿರಿ.

"ಬೆಳಕಲ್ಲ ಸರ್, ಎಡಗಡೆ ಗೋಡೆ ನೋಡಿ. ಮಳೆಗಾಲಕ್ಕೆ ಮೊದಲು ಏನಾದರೂ ಮಾಡಬೇಕು. ಇನ್ನೊಂದು ಮಾತು, ಈ ಕೆಲಸದವನಿಗೆ ತೊಂದರೆ ಆಗಬಾರದು. ಮೇಲಿನವರನ್ನು ಮೀರಿ ಹೇಳಿದ ಅಂತ ಆಗಬಾರದು."

"ಛೆ ಛೆ, ಇಂಥವರಿಂದಲೇ ಇಲಾಖೆ ನಡೀತಿರೋದು. ಅವನ ಹೆಸರು ಎಲ್ಲೂ ಬರೋದಿಲ್ಲ, ನನ್ನ ಮಾತು" ಅಂದಿರಿ. ಗುಮಾಸ್ತರನ್ನು ಕರೆದು ಲಕೋಟೆ ಒಪ್ಪಿಸಿದಿರಿ. ನಾನು ಪತ್ರದ ನನ್ನ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡೆ. ಮಾತಿಗೆ ತಪ್ಪಿದಿರಿ ಎಂದು ಹೇಳುವ ಹಾಗೂ ಇಲ್ಲ. ನಿಜವಾಗಿಯೂ ಅವನ ಹೆಸರು ಎಲ್ಲೂ ಬರಲಿಲ್ಲ. ವಿಚಾರಣಾ ವರದಿಯ ತುಂಬ ಅವನು "ಆಪಾದಿತ ನೌಕರ".

ಮಳೆ ಶುರುವಾದ ಎರಡನೇ ವಾರದ ಬೆಳಿಗ್ಗೆ ಗೋಡೆ ಹೋಯಿತು. ಗೂಡ್ಸ್‌ನ ಮುಂಭಾಗ ಪಾರಾಯಿತು, ಕೊನೆಯ ಮೂರು ವ್ಯಾಗನ್ನುಗಳೂ ಗಾರ್ಡಿನ ಡಬ್ಬಿಯೂ ಇಳಿಜಾರಿಗೆ ಬಿದ್ದವು. ಗಾರ್ಡು ಬದುಕಿದರು, ಎಡಗಾಲು ಉಳಿಯಲಿಲ್ಲ. ನನ್ನ ತಮ್ಮನಂಥವನು ಆ ಹೊತ್ತಿಗೆ ಸುರಂಗದ ಆಚೆ ಕಡೆ ಇದ್ದ. ಸದ್ದು ಕೇಳಿ ಓಡಿ ಬಂದು, ಕೆಸರಿನಲ್ಲಿ ಇಳಿದು, ಗಾರ್ಡನ್ನು ಬೆನ್ನ ಮೇಲೆ ಹೊತ್ತು ಕಾಲುದಾರಿಗೆ ತಂದವನು ಅವನೇ. ಇದನ್ನು ಗಾರ್ಡೇ ಆಸ್ಪತ್ರೆಯ ಮಂಚದ ಮೇಲಿಂದ ನನಗೆ ಹೇಳಿದರು. "ದಾರಿ ಪೂರ್ತಿ ಒಂದೇ ಮಾತು ಹೇಳ್ತಾ ಇದ್ದ ಅಮ್ಮಾ, ನಾನು ಹೇಳಿದ್ದೆ ಸಾರ್, ನಾನು ಹೇಳಿದ್ದೆ ಸಾರ್ ಅಂತ." ನಿಮ್ಮ ವರದಿಯಲ್ಲಿ ಗಾರ್ಡಿನ ಹೇಳಿಕೆ ಹನ್ನೆರಡು ಸಾಲಿದೆ. ಈ ಮಾತು ಅದರಲ್ಲಿಲ್ಲ. ಹೊತ್ತು ತಂದ ಬೆನ್ನೂ ಇಲ್ಲ.

ವಿಚಾರಣೆ ಶುರುವಾದಾಗ ನನಗೆ ಸಮಾಧಾನವೇ ಆಗಿತ್ತು, ನೋಡಿ. ನನ್ನ ಪತ್ರವಿದೆ, ಆರು ಫೋಟೋಗಳಿವೆ, ಮೊಹರಿದೆ. ಕರೆಯುತ್ತಾರೆ, ಹೋಗಿ ಹೇಳೋಣ ಎಂದು ಒಳ್ಳೆಯ ಸೀರೆಗೆ ಇಸ್ತ್ರಿ ಹಾಕಿಸಿ ಇಟ್ಟುಕೊಂಡಿದ್ದೆ. ಅವನಿಗೂ ಧೈರ್ಯ ಹೇಳಿದೆ. "ನೀನೇನೂ ಹೆದರಬೇಡ. ಎಲ್ಲ ಅವರ ಹತ್ತಿರವೇ ಇದೆ." ಹೌದು, ಎಲ್ಲ ನಿಮ್ಮ ಹತ್ತಿರವೇ ಇತ್ತು.

ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅವನ ಹೆಂಡತಿ ಅಂಗಡಿಗೆ ಬಂದಳು. ಗಿರಾಕಿಗಳಿದ್ದರು. ಅವರು ಹೋಗುವವರೆಗೂ ಕನ್ನಡಿಯ ಪಕ್ಕದಲ್ಲಿ ನಿಂತಿದ್ದಳು. ಆಮೇಲೆ ಸೆರಗಿನೊಳಗಿಂದ ಮಡಿಸಿದ ಒಂದು ಜೆರಾಕ್ಸ್ ತೆಗೆದು ಗಾಜಿನ ಕೌಂಟರಿನ ಮೇಲೆ ಬಿಡಿಸಿಟ್ಟಳು.

"ಇದು ನಿಮ್ಮ ಸೈನ್ ಅಲ್ವಾ ಅಕ್ಕಾ?"

ನನ್ನದೇ. ಬಲ ಮೂಲೆಯಲ್ಲಿ ಅಚ್ಚುಕಟ್ಟಾಗಿ ಉಳಿದಿತ್ತು. ಉಳಿದದ್ದು ಅದು, ಮತ್ತೆ ಅವನು. ಮೇಲಿನ ಗೂಡ್ಸ್ ಇರಲಿಲ್ಲ. ಎಡಗಡೆಯ ಗೋಡೆ ಇರಲಿಲ್ಲ. ಚಾಚಿದ ಬಲಗೈ ಮೊಣಕೈವರೆಗೆ ಇತ್ತು, ಅಲ್ಲಿಂದಾಚೆ ಕಾಗದವೇ ಮುಗಿದಿತ್ತು. ಕಲ್ಲಿನ ಮೇಲೆ ಆರಾಮಾಗಿ ಕೂತ ಒಬ್ಬ ನೌಕರ. ಕೆಳಗೆ ಟೈಪು ಮಾಡಿದ್ದರು: "ಆಪಾದಿತ ನೌಕರನು ಕರ್ತವ್ಯದ ವೇಳೆಯಲ್ಲಿ ಹಳಿಯನ್ನು ಬಿಟ್ಟು ಕೆಳಗೆ ಕುಳಿತು ಕಾಲಹರಣ ಮಾಡುವ ರೂಢಿಯುಳ್ಳವನೆಂಬುದು ಸದರಿ ಛಾಯಾಚಿತ್ರದಿಂದ ರುಜುವಾತಾಗಿರುತ್ತದೆ. ಗೋಡೆಯ ಶಿಥಿಲತೆಯನ್ನು ಆತನು ಗಮನಿಸದಿರಲು ಇದೇ ಕಾರಣವಾಗಿರುತ್ತದೆ."

ಗೋಡೆಗೆ ಕೈ ಹಚ್ಚಿ ಕೂತವನನ್ನು ಗೋಡೆ ನೋಡದವನೆಂದು ರುಜುವಾತು ಮಾಡಲು ಎಷ್ಟು ಜನ ಕೂತಿರಿ, ಸ್ವಾಮಿ? ಕತ್ತರಿಸುವ ಗೆರೆಯನ್ನು ಎಲ್ಲಿ ಹಾಕಬೇಕೆಂದು ಯಾರು ತೋರಿಸಿದರು? ಮೊಣಕೈ ಸಾಕು, ಅಂಗೈ ಬೇಡ ಎಂದು ಬೆರಳಿಟ್ಟವರು ಯಾರು? ಅರಿಯದೆ ಆದ ತಪ್ಪು ಎನ್ನಬೇಡಿ. ಇಪ್ಪತ್ತು ವರ್ಷದಿಂದ ಮಸೂರ ಕತ್ತರಿಸುವವಳು ನಾನು. ಅರಿಯದೆ ಕತ್ತರಿಸಿದ ಅಂಚು ಯಾವುದು, ಅಳೆದು ಕತ್ತರಿಸಿದ ಅಂಚು ಯಾವುದು ಎಂದು ನನಗೆ ಗೊತ್ತಾಗುತ್ತದೆ.

ಅವನ ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಇದು ಬೇರೆ ಯಾರೋ ದೂರದಿಂದ ತೆಗೆದದ್ದಿರಬೇಕು ಅಂತ ಅವರು ಹೇಳ್ತಾನೇ ಇದ್ರು ಅಕ್ಕಾ. ಸೈನ್ ನಾನೇ ತೋರಿಸಿದೆ. ಆಮೇಲೆ ಮಾತೇ ಆಡಿಲ್ಲ" ಅಂದಳು. ಜೆರಾಕ್ಸ್ ಮಡಿಸಿಕೊಂಡು ಹೊರಟಳು. ಅವಳಿಗೆ ಏನು ಹೇಳಿ ಕಳಿಸಿದೆನೋ ನೆನಪಿಲ್ಲ. ಬಾಗಿಲು ಹಾಕಿ, ಪರೀಕ್ಷೆಯ ಕುರ್ಚಿಯಲ್ಲಿ ಕೂತುಬಿಟ್ಟೆ. ಎದುರಿಗೆ ಅಕ್ಷರಗಳ ಫಲಕ. ಮೊದಲನೇ ಸಾಲೂ ಕಾಣಿಸುತ್ತಿರಲಿಲ್ಲ.

ಮರುದಿನವೇ ಮೂಲ ಫೋಟೋ, ಪತ್ರದ ಪ್ರತಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ನನ್ನನ್ನು ಗುರುತಿಸಿ, "ಬನ್ನಿ ಮೇಡಂ, ಹೊಸ ಕ್ಯಾಲೆಂಡರಿಗಾ?" ಎಂದು ಕೇಳಿದರು. ಮೂರನೇ ಭೇಟಿಯಲ್ಲಿ ನೀವು ಸಿಕ್ಕಿರಿ. ನಮ್ಮ ಮಾತು ನಿಮಗೆ ಮರೆತಿರಬಹುದು, ನನಗೆ ಅಕ್ಷರಕ್ಷರ ನೆನಪಿದೆ.

"ಫೋಟೋ ನಿಮ್ಮದೇ ತಾನೇ ಮೇಡಂ?"

"ಅರ್ಧ ನನ್ನದು ಸರ್. ಕತ್ತರಿಸಿದ್ದು ನಿಮ್ಮದು. ಇದು ಇಡೀ ಫೋಟೋ, ನೋಡಿ."

ನೋಡಲಿಲ್ಲ. "ವಿಚಾರಣೆ ಮುಗಿದಿದೆ. ಗೋಡೆ ಬಗ್ಗೆ ನಮಗೆ ಮುಂಚಿತವಾಗಿ ಯಾವ ಮಾಹಿತಿಯೂ ಬಂದ ದಾಖಲೆ ಇಲ್ಲ."

ಮೊಹರು ತೋರಿಸಿದೆ. ಆಗ ನೀವು ಕರೆಗಂಟೆ ಒತ್ತಿ, ಗುಮಾಸ್ತರಿಂದ ಕಡತ ತರಿಸಿ, ನಕ್ಕಿರಿ. "ಇದು ಪ್ರಚಾರ ಶಾಖೆಯ ಮೊಹರು ಮೇಡಂ. ನಿಮ್ಮ ಲಕೋಟೆ ಪ್ರದರ್ಶನದ ಕಡತಕ್ಕೆ ಹೋಗಿದೆ. ಎಂಜಿನಿಯರಿಂಗ್ ಶಾಖೆಗೆ ಬಂದಿಲ್ಲ. ಬರದೇ ಇದ್ದದ್ದು ಅವರಿಗೆ ಹೇಗೆ ಗೊತ್ತಾಗಬೇಕು?"

"ಅದೇ ಲಕೋಟೆಯ ಫೋಟೋ ವಿಚಾರಣೆಗೆ ಹೇಗೆ ಬಂತು?"

ಗಡಿಯಾರ ನೋಡಿದಿರಿ. ನಾಲ್ಕು ನಿಮಿಷ ಆಗಿತ್ತು.

ನನ್ನ ಪತ್ರಕ್ಕೆ ಒಂದು ಮಹಡಿ ಇಳಿದು ಪಕ್ಕದ ಶಾಖೆಗೆ ಹೋಗುವಷ್ಟು ಶಕ್ತಿ ಏಳು ತಿಂಗಳಲ್ಲಿ ಬರಲಿಲ್ಲ. ಅದೇ ಪತ್ರದ ಜೊತೆಗಿದ್ದ ಫೋಟೋ ಮಾತ್ರ, ಅಂಗಾಂಗ ಕಳೆದುಕೊಂಡ ಮೇಲೆ, ಎಲ್ಲ ಬಾಗಿಲು ದಾಟಿ ವಿಚಾರಣಾ ಸಮಿತಿಯ ಮೇಜು ಹತ್ತಿತು. ನಿಮ್ಮ ಕಚೇರಿಯ ಇಂಥ ಚಮತ್ಕಾರಕ್ಕೆ ನಾನು ತಲೆಬಾಗುತ್ತೇನೆ. ಹೊರಡುವಾಗ ಗುಮಾಸ್ತರು ನನ್ನ ಕೈಗೆ ಒಂದು ಪ್ರಶಸ್ತಿಪತ್ರ ಕೊಟ್ಟರು. ಪ್ರದರ್ಶನದ ದಿನವೇ ಕೊಡಬೇಕಿತ್ತಂತೆ, ತಡವಾಯಿತಂತೆ. "ಇಲಾಖೆಗೆ ಸಲ್ಲಿಸಿದ ಅಮೂಲ್ಯ ಸೇವೆಗಾಗಿ" ಎಂದು ಅದರಲ್ಲಿ ಬರೆದಿದೆ. ಸೇವೆ ಎಷ್ಟು ಅಮೂಲ್ಯವಾಗಿತ್ತೆಂದು ಆ ಹೊತ್ತಿಗೆ ನನಗೂ ಅರ್ಥವಾಗಿತ್ತು.

ಕ್ವಾರ್ಟರ್ಸ್ ಖಾಲಿ ಮಾಡಿಸಿದ ಮೇಲೆ ಅವರು ಬಸ್ ಡಿಪೋದ ಹಿಂದೆ ಒಂದು ಕೋಣೆ ಹಿಡಿದಿದ್ದಾರೆ. ನನ್ನ ಗಂಡನೇ ಓಡಾಡಿ ಅವನಿಗೆ ಡಿಪೋದಲ್ಲಿ ಬಸ್ಸು ತೊಳೆಯುವ ಕೆಲಸ ಕೊಡಿಸಿದರು. ನಾನು ಎರಡು ಸಲ ಬಾಗಿಲವರೆಗೆ ಹೋಗಿ ಹಿಂದಿರುಗಿದೆ. ಮೂರನೇ ಸಲ ಅವನೇ ಹೊರಗೆ ಬಟ್ಟೆ ಒಣಹಾಕುತ್ತಿದ್ದ, ತಪ್ಪಿಸಿಕೊಳ್ಳಲು ಇಬ್ಬರಿಗೂ ಆಗಲಿಲ್ಲ. ಒಳಗೆ ಕರೆದ. ಚಹಾ ಬಂತು. ಅವನ ಸುತ್ತಿಗೆಯ ಕೈ, ಬಸ್ಸು ತೊಳೆದು ತೊಳೆದು, ಬಿಳಿಚಿಕೊಂಡಿತ್ತು.

"ನಾನು ಕೊಟ್ಟಿದ್ದು ನಿನ್ನ ಮೇಲೆ ದೂರು ಹೇಳೋಕಲ್ಲಪ್ಪ" ಎಂದೆ. ಇದನ್ನು ಹೇಳಲು ಎಷ್ಟು ದಿನದಿಂದ ಮಾತು ಜೋಡಿಸಿಕೊಂಡಿದ್ದೆನೋ, ಬಾಯಿಗೆ ಬಂದದ್ದು ಇಷ್ಟೇ.

"ಗೊತ್ತಕ್ಕಾ." ಲೋಟ ಕೆಳಗಿಟ್ಟ. "ಮೊದಲು ಗೊತ್ತಿರಲಿಲ್ಲ. ಸುಳ್ಳು ಯಾಕೆ ಹೇಳಲಿ, ಒಂದು ತಿಂಗಳು ನಿಮ್ಮನ್ನ ಮನಸ್ಸಲ್ಲೇ ಬೈದಿದ್ದೀನಿ. ಆಮೇಲೆ ಫೋಟೋದಲ್ಲಿ ಕೈ ನೋಡಿದೆ. ಅಕ್ಕ ಆಗಿದ್ರೆ ಕೈ ಕತ್ತರಿಸ್ತಿರಲಿಲ್ಲ ಅನ್ನಿಸ್ತು."

"ಮೇಲ್ಮನವಿ ಹಾಕೋಣ. ನಾನು ಬಂದು ಹೇಳ್ತೀನಿ."

"ಹಾಕಿದ್ದಾಯ್ತು. ಪೂರ್ತಿ ಫೋಟೋನ ಸಾಕ್ಷಿ ಅಂತ ತಗೋಬೇಕಂದ್ರೆ, ಅದು ನಮ್ಮ ಕಚೇರಿಗೆ ಬಂದಿತ್ತು ಅಂತ ಕಚೇರಿಯವರೇ ಬರೆದುಕೊಡಬೇಕಂತೆ." ಸಣ್ಣಗೆ ನಕ್ಕ. "ಅವರು ವಿಚಾರಣೇಲಿ ನನ್ನ ಕೇಳಿದ್ದು ಒಂದೇ ಪ್ರಶ್ನೆ, ಅಕ್ಕಾ. ಇದರಲ್ಲಿ ಕೂತಿರೋದು ನೀನೇನಾ ಅಂತ. ಹೌದು ಸಾರ್ ಅಂದೆ. ಇನ್ನೇನು ಹೇಳಲಿ, ಕೂತಿದ್ದು ನಿಜಾನೇ ಅಲ್ವಾ?"

ಅಧಿಕಾರಿಗಳೇ, ಈ ಒಂದು ಮಾತು ನನ್ನನ್ನು ಎರಡು ತಿಂಗಳಿಂದ ಮಲಗಲು ಬಿಟ್ಟಿಲ್ಲ. ಯಾರ ಮಾತಿಗೆ ಕೂತೆನೆಂದು ಅವನು ಹೇಳಬಹುದಿತ್ತು. ಹೇಳಿದ್ದರೆ ನನ್ನ ಹೆಸರು ಬರುತ್ತಿತ್ತು, ಇಲಾಖೆಯ ಜಾಗದಲ್ಲಿ ಹೊರಗಿನವಳಿಗೆ ಫೋಟೋ ತೆಗೆಯಲು ಬಿಟ್ಟೆ ಎಂದು ಇನ್ನೊಂದು ತಪ್ಪು ಅವನ ತಲೆಗೇ ಕಟ್ಟುತ್ತಿದ್ದಿರಿ ಎಂಬುದೂ ಸರಿ. ಆದರೆ ಅವನು ಆ ಲೆಕ್ಕ ಹಾಕಿ ಸುಮ್ಮನಿದ್ದದ್ದಲ್ಲ. ಅಕ್ಕನನ್ನು ಕಟಕಟೆಗೆ ಎಳೆಯಬಾರದೆಂದು ಸುಮ್ಮನಿದ್ದ. ನಾನು ಅವನ ಪರವಾಗಿ ನಿಮ್ಮನ್ನು ನಂಬಿದೆ. ಅವನು ನನ್ನನ್ನು ಉಳಿಸಿದ. ನೀವು ನಮ್ಮಿಬ್ಬರನ್ನೂ ಒಂದೇ ಕಾಗದದ ಮೇಲೆ ಮುಗಿಸಿದಿರಿ.

ಈಗ ನನಗೆ ಬೇಕಾದ್ದು. ವಿಚಾರಣೆಯನ್ನು ಮತ್ತೆ ತೆರೆಯಿರಿ, ನನ್ನನ್ನು ಕರೆಯಿರಿ, ಗಾರ್ಡನ್ನು ಕರೆಯಿರಿ, "ನೀನೇನು ಎಂಜಿನಿಯರಾ" ಎಂದವರನ್ನೂ ಕರೆಯಿರಿ. ನನ್ನ ಲಕೋಟೆ ನಿಮ್ಮ ಕೈಯಿಂದಲೇ ಗುಮಾಸ್ತರ ಕೈಗೆ ಹೋಯಿತೆಂದು ಒಂದು ಸಾಲು ಬರೆದುಕೊಡಿ. ಅಪಘಾತದ ಮಾರನೇ ದಿನದಿಂದ ಅವನನ್ನು ಕೆಲಸದಲ್ಲಿ ಮುಂದುವರಿದವನೆಂದು ಪರಿಗಣಿಸಿ ಅದೇ ಹಳಿಗೆ ಹಿಂದಕ್ಕೆ ಕಳಿಸಿ. ಅಲ್ಲಿಯವರೆಗೆ ವೇಟಿಂಗ್ ಹಾಲಿನಲ್ಲಿ ತೂಗುಹಾಕಿರುವ ನನ್ನ ಮೂವತ್ತೊಂದು ಫೋಟೋಗಳನ್ನು ಇಳಿಸಿ ನನ್ನ ಅಂಗಡಿಗೆ ಮುಟ್ಟಿಸಿ. ನಾಳೆ ಅವುಗಳಿಂದ ಇನ್ಯಾರನ್ನು ಕತ್ತರಿಸಿಕೊಳ್ಳುತ್ತೀರೋ ಎಂದು ನನಗೆ ಭಯ. ಒಂದರಲ್ಲಿ ನಿಮ್ಮ ಸ್ಟೇಷನ್ ಮಾಸ್ತರು ಆಕಳಿಸುತ್ತಿದ್ದಾರೆ.

ಈ ಪತ್ರದ ಪಕ್ಕದಲ್ಲಿ ಆ ಫೋಟೋವನ್ನು ಪತ್ರಿಕೆಯವರು ಅಂಚಿನಿಂದ ಅಂಚಿನವರೆಗೆ ಅಚ್ಚು ಹಾಕಿದ್ದಾರೆ. ಹಾಕುವ ಮೊದಲು ಅವನನ್ನು ಕೇಳಲು ಡಿಪೋಗೆ ಹೋದೆ. ಒಂದು ಸಲ ಅವನ ಮುಖ ಇರಬಹುದೇ ಎಂದು ಕೇಳದೆ ಕೊಟ್ಟು ಬುದ್ಧಿ ಕಲಿತಿದ್ದೇನೆ. ಬೇಕಾದರೆ ಮುಖ ಕಾಣದ ಹಾಗೆ ಮಾಡಿಸುತ್ತೇನೆ ಎಂದೆ. ಅವನು ಬಸ್ಸಿನ ಗಾಜು ಒರೆಸುತ್ತಿದ್ದವನು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟು ಹೇಳಿದ:

"ಮುಖ ಇರಲಿ ಅಕ್ಕಾ. ಏನನ್ನೂ ಮುಚ್ಚೋದು ಬೇಡ. ಕೈ ಪೂರ್ತಿ ಬರಲಿ."

ಬಂದಿದೆ. ನೋಡಿಕೊಳ್ಳಿ.

ಇಂತಿ,
ಅವನನ್ನು ಆ ಕಲ್ಲಿನ ಮೇಲೆ ಕೂರಿಸಿದವಳು,
ಸ್ಟೇಷನ್ ರಸ್ತೆಯ ಕನ್ನಡಕದಂಗಡಿಯಾಕೆ